ಸಿಡಿ ಇಲ್ಲ, ಫಾರ್ಮ್ಯಾಟ್ ಮಾಡಿಸಬೇಕು: ನಾಲ್ಕು ವರ್ಷದ ಲಗ್ನಪತ್ರಿಕೆಗಳ ಗತಿ ಏನು?

ಪ್ರಶ್ನೆ: ಸರ್, ನಮಸ್ಕಾರ. ಗಂಗಾವತಿಯಲ್ಲಿ ಡಿಟಿಪಿ, ಜೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದೇನೆ. ಲ್ಯಾಪ್‌ಟಾಪ್ ತಗೊಂಡು ನಾಲ್ಕು ವರ್ಷ ಆಯ್ತು. ವಿಂಡೋಸ್ ಹಾಕಿಯೇ ಕೊಟ್ಟಿದ್ದರು, ಸಿಡಿ ಕೊಡಲಿಲ್ಲ. ಈಗ ತುಂಬಾ ನಿಧಾನ ಆಗಿದೆ, ವಾರಕ್ಕೆ ಎರಡು ಸಲ ನೀಲಿ ಪರದೆ ಬಂದು ನಿಲ್ಲುತ್ತೆ. ರಿಪೇರಿ ಮಾಡುವವರು "ಫಾರ್ಮ್ಯಾಟ್ ಹೊಡೀಬೇಕು, ಸಿಡಿ ಇದ್ರೆ ತಗೊಂಡ್ ಬರ್ರಿ, ಇಲ್ಲಾಂದ್ರೆ ನಮ್ಮ ಹತ್ರ ಇರೋದು ಹಾಕ್ತೀವಿ" ಅಂತಾರೆ. ಅದರಲ್ಲಿ ನಾಲ್ಕು ವರ್ಷದ ಲಗ್ನಪತ್ರಿಕೆ, ಬ್ಯಾನರ್, ನುಡಿ ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ನಲ್ಲಿ ಹೊಡೆದ ಅರ್ಜಿಗಳು, ಅಂಗಡಿಯ ಟ್ಯಾಲಿ ಲೆಕ್ಕ ಎಲ್ಲಾ ಇದೆ. ಸಿಡಿ ಇಲ್ಲದೆ ಬ್ಯಾಕಪ್ ತೆಗೆದು ಮತ್ತೆ ಮೊದಲಿನ ಹಾಗೆ ಮಾಡಿಕೊಳ್ಳೋಕೆ ಆಗುತ್ತಾ? ಮನೆಯಲ್ಲಿ ವಿಂಡೋಸ್ 7 ಇರುವ ಹಳೆಯ ಡೆಸ್ಕ್‌ಟಾಪ್ ಒಂದಿದೆ, ಅದನ್ನೇನು ಮಾಡಲಿ?

ಉತ್ತರ: ಖಂಡಿತ ಆಗುತ್ತೆ. ಆದರೆ ಇವತ್ತೇ ಲ್ಯಾಪ್‌ಟಾಪ್ ಯಾರ ಕೈಗೂ ಕೊಡಬೇಡಿ. ಇನ್ನೂ ಆನ್ ಆಗುತ್ತಿದೆ ಅಲ್ವಾ? ಅಷ್ಟು ಸಾಕು. ಈ ವಾರದ ಎರಡು ಸಂಜೆ ನನಗೆ ಕೊಡಿ.

ಮೊದಲು ಸಿಡಿಯ ಚಿಂತೆ ಬಿಟ್ಟುಬಿಡಿ. ಅಂಗಡಿಯವರು ನಿಮಗೆ ಮೋಸ ಮಾಡಿಲ್ಲ. ಈಗ ಸಾಮಾನ್ಯವಾಗಿ ಯಾವ ಕಂಪನಿಯೂ ಸಿಡಿ ಕೊಡುವುದಿಲ್ಲ, ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಸಿಡಿ ಹಾಕುವ ಜಾಗವೂ ಇಲ್ಲ. ವಿಂಡೋಸ್ 8 ಬಂದ 2012ರಿಂದ, ವಿಂಡೋಸ್ ಹಾಕಿಯೇ ಬರುವ ಲ್ಯಾಪ್‌ಟಾಪ್‌ಗಳಲ್ಲಿ ಲೈಸೆನ್ಸ್ ಕೀಯನ್ನು ಮದರ್‌ಬೋರ್ಡಿನ ಚಿಪ್ಪಿನೊಳಗೇ ಬರೆದಿರುತ್ತಾರೆ. ಹಾರ್ಡ್ ಡಿಸ್ಕ್ ತೆಗೆದು ಎಸೆದರೂ ಕೀ ಅಲ್ಲೇ ಇರುತ್ತೆ. ವಿಂಡೋಸ್ ಅನ್ನು ಮೈಕ್ರೋಸಾಫ್ಟ್‌ನ ಜಾಲತಾಣದಿಂದ ದುಡ್ಡಿಲ್ಲದೆ ಇಳಿಸಿಕೊಳ್ಳಬಹುದು. ಹಾಕುವಾಗ ಕೀ ಕೇಳಿದರೆ "ನನ್ನ ಬಳಿ ಕೀ ಇಲ್ಲ" ಅನ್ನುವುದನ್ನು ಒತ್ತಿ ಮುಂದೆ ಹೋಗಿ. ನಿಮ್ಮ ವಿಂಡೋಸ್ ಹೋಮ್ ಆವೃತ್ತಿ ಆಗಿದ್ದರೆ ಹೋಮ್, ಪ್ರೊ ಆಗಿದ್ದರೆ ಪ್ರೊ, ಅದೊಂದು ತಪ್ಪಬಾರದು. ಇಂಟರ್ನೆಟ್ ಸಿಕ್ಕ ಕೂಡಲೇ ತಾನಾಗಿ ಆಕ್ಟಿವೇಟ್ ಆಗುತ್ತೆ.

ಹಾಗಾಗಿ "ನಮ್ಮ ಹತ್ರ ಇರೋದು ಹಾಕ್ತೀವಿ" ಅಂದರೆ ಬೇಡ ಅನ್ನಿ. ನೀವು ದುಡ್ಡು ಕೊಟ್ಟು ತಗೊಂಡ ಅಸಲಿ ವಿಂಡೋಸ್ ಇರುವಾಗ ಯಾರೋ ಕ್ರ್ಯಾಕ್ ಮಾಡಿದ್ದು ಯಾಕೆ? ಅಂಥವುಗಳ ಜೊತೆ ವೈರಸ್ ಬರುವುದನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಅದೇ ಯಂತ್ರದಲ್ಲಿ ನೀವು ಗಿರಾಕಿಗಳ ಆಧಾರ್ ಪ್ರಿಂಟ್ ತೆಗೆಯುತ್ತೀರಿ, ಬ್ಯಾಂಕ್ ಖಾತೆ ತೆರೆಯುತ್ತೀರಿ.

ವಿಂಡೋಸ್ ಎಷ್ಟು ಸಲ ಹೋದರೂ ಮತ್ತೆ ಸಿಗುತ್ತೆ. ನೀವು ಕೂತು ಮಾಡಿದ ಕೆಲಸ ಎಲ್ಲೂ ಸಿಗುವುದಿಲ್ಲ. ಅದಕ್ಕೇ ಉತ್ತರದ ಹೆಚ್ಚಿನ ಭಾಗ ಫೈಲುಗಳ ಬಗ್ಗೆಯೇ ಇದೆ.

ನಾನು ಬಳ್ಳಾರಿಯಲ್ಲಿ ಈ ಕೆಲಸ ಶುರು ಮಾಡಿದ ಹೊಸದು. ಸಿರುಗುಪ್ಪದ ಕಡೆಯಿಂದ ಒಬ್ಬ ಅಕ್ಕಿ ವ್ಯಾಪಾರಿ ಕಂಪ್ಯೂಟರ್ ತಂದರು. "ಬ್ಯಾಕಪ್ ಎಲ್ಲಾ ನಾನೇ ತಗೊಂಡೀನ್ರಿ, ನೀವು ಫಾರ್ಮ್ಯಾಟ್ ಹೊಡೀರಿ" ಅಂದರು. ಪೆನ್ ಡ್ರೈವ್ ತೋರಿಸಿದರು. ನಾನು ಅದನ್ನು ತೆರೆದು ನೋಡದೆ ಫಾರ್ಮ್ಯಾಟ್ ಮಾಡಿದೆ. ಸಂಜೆ ಪೆನ್ ಡ್ರೈವ್ ಹಾಕಿದಾಗ ಅದರಲ್ಲಿ ಟ್ಯಾಲಿಯ ಚಿತ್ರ ಇತ್ತು, ಎಡಗಡೆ ಮೂಲೆಯಲ್ಲಿ ಸಣ್ಣ ಬಾಣ. ಸೈಜ್ ನೋಡಿದರೆ 2 ಕೆಬಿ. ಅದು ಶಾರ್ಟ್‌ಕಟ್. ಮನೆಗೆ ದಾರಿ ತೋರಿಸುವ ಬೋರ್ಡನ್ನು ಕಿತ್ತುಕೊಂಡು ಬಂದಿದ್ದರು, ಮನೆ ಸಿ ಡ್ರೈವ್‌ನಲ್ಲೇ ಉಳಿದಿತ್ತು, ಅದನ್ನು ನಾನು ಅಳಿಸಿದ್ದೆ. "ಹಂಗಾದ್ರ ಎಲ್ಲಾ ಹೋತೇನ್ರಿ?" ಅಂತ ಅವರು ಮೆಲ್ಲಗೆ ಕೇಳಿದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ. ಎರಡು ದಿನ ರಿಕವರಿ ಸಾಫ್ಟ್‌ವೇರ್ ಓಡಿಸಿ ಅರ್ಧದಷ್ಟು ತೆಗೆದುಕೊಟ್ಟೆ. ಅದು ತಿರುಗುವ ಹಳೆಯ ಹಾರ್ಡ್ ಡಿಸ್ಕ್ ಆಗಿದ್ದಕ್ಕೆ ಅಷ್ಟಾದರೂ ಸಿಕ್ಕಿತು. ಈಗಿನ, ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿ ಡಿಸ್ಕುಗಳಲ್ಲಿ ಟ್ರಿಮ್ ಅಂತ ಒಂದು ವ್ಯವಸ್ಥೆ ಇದೆ. ಅಳಿಸಿದ ಫೈಲಿನ ಜಾಗವನ್ನು ಡ್ರೈವ್ ತಾನೇ ಖಾಲಿ ಮಾಡಿಬಿಡುತ್ತೆ. ಅದರಲ್ಲಿ ಫಾರ್ಮ್ಯಾಟ್ ಆದ ಮೇಲೆ ಹುಡುಕಿದರೆ ಸಾಮಾನ್ಯವಾಗಿ ಏನೂ ಸಿಗದು.

ಈಗ ನಿಮ್ಮ ಅಂಗಡಿಗೆ ಬರೋಣ. 1 ಟಿಬಿಯ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಒಂದು ತಗೊಳ್ಳಿ. ಪೆನ್ ಡ್ರೈವ್‌ನಲ್ಲಿ ನಾಲ್ಕು ವರ್ಷದ ಕೆಲಸ ಇಡಬೇಡಿ, ಅದು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸಲು ಸರಿ, ಕೂಡಿಡಲು ಅಲ್ಲ. ದೊಡ್ಡ ಫೈಲ್ ಹಾಕುವಾಗ "ಫೈಲ್ ತುಂಬಾ ದೊಡ್ಡದು" ಅಂತ ಬಂದು, ಡಿಸ್ಕ್‌ನಲ್ಲಿ ಜಾಗ ಇನ್ನೂ ಬೇಕಾದಷ್ಟಿದ್ದರೆ ಗಾಬರಿಯಾಗಬೇಡಿ. ಅದು ಫ್ಯಾಟ್32 ಮಾದರಿಯಲ್ಲಿರುತ್ತೆ, 4 ಜಿಬಿಗಿಂತ ದೊಡ್ಡ ಒಂದೇ ಫೈಲನ್ನು ಅದು ಹಿಡಿಸಿಕೊಳ್ಳದು. ಖಾಲಿ ಇರುವಾಗಲೇ ಎನ್‌ಟಿಎಫ್‌ಎಸ್ ಮಾದರಿಗೆ ಫಾರ್ಮ್ಯಾಟ್ ಮಾಡಿಕೊಂಡರೆ ಸರಿಹೋಗುತ್ತೆ.

ಸಿ ಡ್ರೈವ್‌ನ ಯೂಸರ್ಸ್ ಫೋಲ್ಡರ್ ಒಳಗೆ ನಿಮ್ಮ ಹೆಸರಿನ ಫೋಲ್ಡರ್ ಇರುತ್ತೆ. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್, ಪಿಕ್ಚರ್ಸ್ ಎಲ್ಲಾ ಅದರಲ್ಲೇ ಇರುತ್ತವೆ. ಅದನ್ನು ಇಡಿಯಾಗಿ ಕಾಪಿ ಮಾಡಿ. ಒನ್‌ಡ್ರೈವ್ ಆನ್ ಇದ್ದರೆ ಫೈಲುಗಳ ಪಕ್ಕ ಸಣ್ಣ ಮೋಡದ ಗುರುತು ಕಾಣಬಹುದು. ಮೋಡ ಇದ್ದರೆ ಫೈಲ್ ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಇಲ್ಲ, ಇಂಟರ್ನೆಟ್‌ನಲ್ಲಿದೆ. ಮೊದಲು ಅದನ್ನು ಇಳಿಸಿಕೊಳ್ಳಬೇಕು. ಡಿ ಡ್ರೈವ್ ಇದ್ದರೆ ಅದನ್ನೂ ಸೇರಿಸಿ. ಡಿ ಡ್ರೈವ್‌ನಲ್ಲಿ ಹಾಕಿದ್ದೇನೆ, ಅದೇ ಬ್ಯಾಕಪ್ ಅಂತ ಜಾಸ್ತಿ ಜನ ತಿಳಿದಿದ್ದಾರೆ. ಸಿ, ಡಿ ಎರಡೂ ಸಾಮಾನ್ಯವಾಗಿ ಒಂದೇ ಡಿಸ್ಕಿನ ಎರಡು ಕೋಣೆಗಳು. ಡಿಸ್ಕ್ ಸತ್ತರೆ ಎರಡೂ ಒಟ್ಟಿಗೇ ಹೋಗುತ್ತವೆ.

ಇಷ್ಟನ್ನು ಯಾರಾದರೂ ಹೇಳುತ್ತಾರೆ. ಡಿಟಿಪಿಯವರು ಮರೆಯುವುದು ಫಾಂಟ್. ನುಡಿ, ಶ್ರೀಲಿಪಿ, ಬರಹದ ಹಳೆಯ ಫಾಂಟುಗಳಲ್ಲಿ ಹೊಡೆದ ಫೈಲಿನಲ್ಲಿ ನಿಜವಾಗಿ ಕನ್ನಡ ಅಕ್ಷರ ಇರುವುದಿಲ್ಲ. ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿರುತ್ತಾರೆ, ಅದನ್ನು ಕನ್ನಡವಾಗಿ ತೋರಿಸುವುದು ಆ ಫಾಂಟ್. ಹೊಸ ವಿಂಡೋಸ್‌ನಲ್ಲಿ ಆ ಫಾಂಟ್ ಇಲ್ಲದಿದ್ದರೆ ಪತ್ರಿಕೆ ತೆರೆದಾಗ ತಲೆಯ ಮೇಲೆ ಗೆರೆ, ಚುಕ್ಕಿ ಹೊತ್ತ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತೆ. ಫೈಲ್ ಕೆಟ್ಟಿತು ಅಂತ ಅಳಿಸಿಬಿಟ್ಟವರೂ ಇದ್ದಾರೆ! ಫೈಲ್ ಚೆನ್ನಾಗಿಯೇ ಇರುತ್ತೆ, ಫಾಂಟ್ ಹಾಕಿದರೆ ಸಾಕು. ಕನ್ನಡ ಗಣಕ ಪರಿಷತ್ತಿನ ನುಡಿ ಉಚಿತವಾಗಿ ಸಿಗುತ್ತೆ, ಅದರ ಚಿಂತೆ ಇಲ್ಲ. ಆದರೆ ವರ್ಷಗಟ್ಟಲೆ ಅಲ್ಲಿ ಇಲ್ಲಿ ಕೂಡಿಸಿದ ಅಲಂಕಾರದ ಫಾಂಟುಗಳು ಇರುತ್ತವಲ್ಲ, ಅವು ಮತ್ತೆ ಸಿಗುವುದು ಕಷ್ಟ. ಸಿ ಡ್ರೈವ್‌ನ ವಿಂಡೋಸ್ ಫೋಲ್ಡರ್ ಒಳಗಿನ ಫಾಂಟ್ಸ್ ಫೋಲ್ಡರ್ ತೆರೆದು, ಎಲ್ಲವನ್ನೂ ಆರಿಸಿ, ಕಾಪಿ ಮಾಡಿ ಎಕ್ಸ್‌ಟರ್ನಲ್ ಡಿಸ್ಕಿಗೆ ಹಾಕಿ. ಕೆಲವು ಫಾಂಟುಗಳು ನಿಮ್ಮ ಹೆಸರಿನ ಫೋಲ್ಡರ್ ಒಳಗಿನ ಆ್ಯಪ್‌ಡೇಟಾದಲ್ಲೂ ಕೂತಿರುತ್ತವೆ. ಆ ಫೋಲ್ಡರ್ ಸಾಮಾನ್ಯವಾಗಿ ಅಡಗಿರುತ್ತೆ, ವ್ಯೂ ಮೆನುವಿನಲ್ಲಿ ಹಿಡನ್ ಐಟಮ್ಸ್ ಆನ್ ಮಾಡಿ ನೋಡಿ.

ಪತ್ರಿಕೆ, ಬ್ಯಾನರ್ ವಿನ್ಯಾಸ ಮಾಡುವ ಕೋರೆಲ್‌ಡ್ರಾ ಫೈಲುಗಳಿಗೆ ಇನ್ನೊಂದು ಮಾತು. ಮುಖ್ಯವಾದ ಪತ್ರಿಕೆಗಳನ್ನು ಎರಡು ರೂಪದಲ್ಲಿ ಇಡಿ. ಒಂದು ಹಾಗೇ ಇರಲಿ, ಹೆಸರು, ಮುಹೂರ್ತ ಬದಲಿಸಲು ಬೇಕು. ಇನ್ನೊಂದರಲ್ಲಿ ಅಕ್ಷರವನ್ನು ಕರ್ವ್ಸ್‌ಗೆ, ಅಂದರೆ ಬರೀ ಗೆರೆಗಳ ಚಿತ್ರಕ್ಕೆ, ಬದಲಿಸಿ ಬೇರೆ ಹೆಸರಲ್ಲಿ ಸೇವ್ ಮಾಡಿ. ಅದಕ್ಕೆ ಫಾಂಟೇ ಬೇಕಿಲ್ಲ, ಯಾವ ಪ್ರೆಸ್ಸಿನಲ್ಲಾದರೂ ಹಾಗೇ ಪ್ರಿಂಟ್ ಆಗುತ್ತೆ. "ಅಕ್ಕನ ಮದುವಿ ಪತ್ರಿಕಿ ನೀವ ಮಾಡಿದ್ರಿ, ಅದೇ ನಮೂನಿ ತಮ್ಮಂದೂ ಮಾಡಿ ಕೊಡ್ರಿ" ಅಂತ ಬರುವ ಗಿರಾಕಿಗೆ ಈ ಎರಡೂ ಬೇಕಾಗುತ್ತವೆ.

ಟ್ಯಾಲಿ ತೆರೆದು ಕಂಪನಿ ಆರಿಸುವ ಪರದೆಗೆ ಹೋದರೆ ಡೇಟಾ ಯಾವ ಫೋಲ್ಡರ್‌ನಲ್ಲಿದೆ ಅಂತ ಅಲ್ಲೇ ದಾರಿ ಕಾಣುತ್ತೆ. ಆ ಫೋಲ್ಡರ್ ಒಳಗೆ 10000ದಂಥ ಅಂಕಿಗಳೇ ಹೆಸರಾಗಿರುವ ಫೋಲ್ಡರ್ ಇರುತ್ತೆ. ಒಂದೊಂದು ಅಂಕಿಯ ಫೋಲ್ಡರ್ ಒಂದೊಂದು ಕಂಪನಿಯ ಲೆಕ್ಕ. ಟ್ಯಾಲಿಯ ಒಳಗಿನ ಬ್ಯಾಕಪ್ ಒಂದು ಸಲ ತೆಗೆಯಿರಿ, ಆಮೇಲೆ ಟ್ಯಾಲಿ ಮುಚ್ಚಿ ಆ ಫೋಲ್ಡರನ್ನೂ ಕಾಪಿ ಮಾಡಿ. ಎರಡೂ ಇರಲಿ. ಟ್ಯಾಲಿ ಲೈಸೆನ್ಸ್ ನಿಮ್ಮದೇ ಆಗಿದ್ದರೆ ಫಾರ್ಮ್ಯಾಟ್‌ಗೆ ಮೊದಲು ಸರೆಂಡರ್ ಮಾಡಿ, ಅಂದರೆ ಈ ಯಂತ್ರದಿಂದ ಅದನ್ನು ಬಿಡಿಸಿಕೊಳ್ಳಿ, ಇಲ್ಲದಿದ್ದರೆ ಮತ್ತೆ ಹಾಕುವಾಗ ಸುಮ್ನೆ ಓಡಾಟ. ಬ್ರೌಸರ್‌ನಲ್ಲಿ ಉಳಿಸಿದ ಪಾಸ್‌ವರ್ಡ್‌ಗಳು, ಔಟ್‌ಲುಕ್ ಬಳಸುತ್ತಿದ್ದರೆ ಅದರ ಮೇಲ್ ಫೈಲ್, ಪ್ರಿಂಟರ್ ಡ್ರೈವರ್, ಇವನ್ನೂ ಮರೆಯಬೇಡಿ.

ಕಾಪಿ ಮುಗಿಯಿತಾ? ಇನ್ನೂ ಬ್ಯಾಕಪ್ ಆಗಿಲ್ಲ. ನಿಮ್ಮ ಮನೆಯ ಆ ಹಳೆಯ ಡೆಸ್ಕ್‌ಟಾಪ್ ಈಗ ಕೆಲಸಕ್ಕೆ ಬರುತ್ತೆ. ಅದರ ಇಂಟರ್ನೆಟ್ ತೆಗೆದು, ಎಕ್ಸ್‌ಟರ್ನಲ್ ಡಿಸ್ಕನ್ನು ಹಾಕಿ. ಕಾಪಿ ಮಾಡಿದ ಫಾಂಟ್ ಇನ್‌ಸ್ಟಾಲ್ ಮಾಡಿ, ನುಡಿಯಲ್ಲಿ ಹೊಡೆದ ಒಂದು ಅರ್ಜಿ ತೆರೆಯಿರಿ. ಅದರಲ್ಲಿ ಕೋರೆಲ್ ಇದ್ದರೆ ಒಂದು ಲಗ್ನಪತ್ರಿಕೆಯನ್ನೂ ತೆರೆಯಿರಿ. ಮೇಲೆ "ಶ್ರೀ ಹುಲಿಗೆಮ್ಮದೇವಿ ಪ್ರಸನ್ನ" ಅಂತ ಇರುತ್ತಲ್ಲ, ಆ "ಶ್ರೀ", ಆ "ಮ್ಮ", ಆ "ಪ್ರ", ಆ "ನ್ನ" ಒತ್ತಕ್ಷರಗಳು ಸರಿಯಾಗಿ ಕೂತಿವೆಯಾ ನೋಡಿ. ಕೂತಿದ್ದರೆ ಫೈಲೂ ಬಂದಿದೆ, ಫಾಂಟೂ ಬಂದಿದೆ. ಕೋರೆಲ್ ಹಳೆಯ ಆವೃತ್ತಿಯಾಗಿದ್ದರೆ ಹೊಸದರಲ್ಲಿ ಮಾಡಿದ ಫೈಲ್ ತೆರೆಯದು, ಅದಕ್ಕೆ ಹೆದರಬೇಡಿ, ಗೆಳೆಯರ ಅಂಗಡಿಯಲ್ಲಿ ನೋಡಿ. ಮೊದಲ ವರ್ಷದ್ದೊಂದು, ಮೊನ್ನೆಯದೊಂದು ಹೀಗೆ ಹತ್ತಿಪ್ಪತ್ತು ಫೈಲ್ ತೆರೆಯಿರಿ. ಎರಡೂ ಕಡೆ ಫೋಲ್ಡರ್ ಮೇಲೆ ಬಲ ಕ್ಲಿಕ್ ಮಾಡಿ ಪ್ರಾಪರ್ಟೀಸ್‌ನಲ್ಲಿ ಫೈಲುಗಳ ಸಂಖ್ಯೆ ಹೋಲಿಸಿ. ಸಂಖ್ಯೆ ತಾಳೆಯಾದ ಮೇಲೆ ಡಿಸ್ಕನ್ನು ಲ್ಯಾಪ್‌ಟಾಪಿನಿಂದ ಬಿಡಿಸಿ ಮನೆಯಲ್ಲಿಡಿ. ಯಾವಾಗಲೂ ಸಿಕ್ಕಿಸಿಯೇ ಇಟ್ಟ ಡಿಸ್ಕಿಗೆ ವೈರಸ್ ಕೂಡ ಹೋಗುತ್ತೆ, ಸಿಡಿಲಿನ ಕರೆಂಟೂ ಹೋಗುತ್ತೆ. ನಮ್ಮ ಕಡೆಯ ಏಪ್ರಿಲ್ ಬಿಸಿಲಿನಲ್ಲಿ ಕಾರಿನ ಒಳಗೆ, ಬೈಕಿನ ಡಿಕ್ಕಿಯಲ್ಲಿ ಅದನ್ನು ಬಿಟ್ಟು ಬರಬೇಡಿ.

ಫಾರ್ಮ್ಯಾಟ್‌ಗೆ ಮುಂಚೆ ಇನ್ನೊಂದು ನೋಡಲೇಬೇಕು. ಸೆಟ್ಟಿಂಗ್ಸ್‌ನಲ್ಲಿ ಡಿವೈಸ್ ಎನ್‌ಕ್ರಿಪ್ಶನ್ ಅಥವಾ ಬಿಟ್‌ಲಾಕರ್ ಅಂತ ಹುಡುಕಿ. ಆನ್ ಇದ್ದರೆ ನಿಮ್ಮ ಡಿಸ್ಕಿಗೆ ಬೀಗ ಬಿದ್ದಿದೆ. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದವರಿಗೆ ಗೊತ್ತೇ ಇಲ್ಲದಂತೆ ಅದು ಆನ್ ಆಗಿರಬಹುದು. ಬೀಗದ ಕೀ 48 ಅಂಕಿಗಳದ್ದು, ನಿಮ್ಮ ಮೈಕ್ರೋಸಾಫ್ಟ್ ಖಾತೆಯ ಪುಟದಲ್ಲಿ ಸಿಗುತ್ತೆ. ಮೊಬೈಲ್‌ನಿಂದ ಲಾಗಿನ್ ಆಗಿ, ಆ ಅಂಕಿಗಳನ್ನು ನಿಮ್ಮ ಲೆಕ್ಕದ ಪುಸ್ತಕದ ಕೊನೆಯ ಪುಟದಲ್ಲಿ ಪೆನ್ನಿನಿಂದ ಬರೆದಿಡಿ. ಯಂತ್ರ ಕೆಟ್ಟ ದಿನ ಡಿಸ್ಕ್ ತೆಗೆದು ಬೇರೆ ಕಡೆ ಹಾಕಿದರೆ ಆ 48 ಅಂಕಿ ಇಲ್ಲದೆ ನಾನೂ ಏನೂ ಮಾಡಲಾರೆ, ಯಾರೂ ಮಾಡಲಾರರು. ಖಾತೆಯ ಪಾಸ್‌ವರ್ಡ್ ಯಾರೋ ಅಂಗಡಿ ಹುಡುಗ ತನ್ನ ನಂಬರಿನಿಂದ ಮಾಡಿಕೊಟ್ಟಿದ್ದರೆ ಇವತ್ತೇ ಸರಿಪಡಿಸಿಕೊಳ್ಳಿ.

ಇನ್ನು ಸಿಡಿಯ ಜಾಗಕ್ಕೆ ಪೆನ್ ಡ್ರೈವ್. ಎರಡು ಬಗೆ ಇವೆ. ಸ್ಟಾರ್ಟ್‌ನಲ್ಲಿ "ರಿಕವರಿ ಡ್ರೈವ್" ಅಂತ ಹುಡುಕಿದರೆ ಬರುವುದು ನಿಮ್ಮ ಲ್ಯಾಪ್‌ಟಾಪಿನದ್ದೇ ವಿಂಡೋಸನ್ನು ಪೆನ್ ಡ್ರೈವಿಗೆ ಹಾಕಿಕೊಡುತ್ತೆ. ಸಿಸ್ಟಮ್ ಫೈಲುಗಳನ್ನೂ ಸೇರಿಸು ಅನ್ನುವ ಡಬ್ಬಿಗೆ ಟಿಕ್ ಇರಲಿ. 32 ಜಿಬಿ ಪೆನ್ ಡ್ರೈವ್ ತಗೊಳ್ಳಿ. ಅದರಲ್ಲಿ ಮೊದಲಿದ್ದದ್ದೆಲ್ಲ ಅಳಿಸಿಹೋಗುತ್ತೆ. ನಿಮ್ಮ ಫೈಲುಗಳು ಇದರಲ್ಲಿ ಬರುವುದಿಲ್ಲ, ಹೆಸರು ನೋಡಿ ಮೋಸಹೋಗಬೇಡಿ. ಇನ್ನೊಂದು, ಮೈಕ್ರೋಸಾಫ್ಟ್‌ನ ಮೀಡಿಯಾ ಕ್ರಿಯೇಷನ್ ಟೂಲ್. ಅದಕ್ಕೆ 8 ಜಿಬಿ ಪೆನ್ ಡ್ರೈವ್ ಸಾಕು, ವಿಂಡೋಸ್ 10 ಅಥವಾ 11 ಇರುವ ಯಾವ ಕಂಪ್ಯೂಟರಿನಿಂದ ಬೇಕಾದರೂ ಮಾಡಬಹುದು. ನಿಮ್ಮ ಲ್ಯಾಪ್‌ಟಾಪ್ ನಾಳೆ ಆನ್ ಆಗದಿದ್ದರೂ ಪಕ್ಕದ ಸೈಬರ್‌ನಲ್ಲಿ ಕೂತು ತಯಾರು ಮಾಡಬಹುದು ಅಂತಾಯ್ತು. ನನಗೆ ಕೇಳಿದರೆ ಎರಡನೆಯದೇ ವಾಸಿ. ಕಂಪನಿಯವರು ತುಂಬಿದ ಬೇಡದ ಸಾಮಾನು ಇರದೆ ವಿಂಡೋಸ್ ಚೊಕ್ಕವಾಗಿ ಬರುತ್ತೆ.

ನಿಮ್ಮದು ಇನ್ನೂ ವಿಂಡೋಸ್ 10 ಆಗಿದ್ದರೆ ಅದಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ನಾಲ್ಕು ವರ್ಷದ ಲ್ಯಾಪ್‌ಟಾಪಿಗೆ ಸಾಮಾನ್ಯವಾಗಿ ವಿಂಡೋಸ್ 11 ಒಗ್ಗುತ್ತೆ, ಹೇಗೂ ಹೊಸದಾಗಿ ಹಾಕುತ್ತೀರಿ, ಅದನ್ನೇ ಹಾಕಿ. ಹಳೆಯ ಲೈಸೆನ್ಸೇ ಸಾಕು.

ಈಗ ನೀಲಿ ಪರದೆಗೆ ಬರುತ್ತೇನೆ. ನಿಮ್ಮ ಪತ್ರದಲ್ಲಿ ನನಗೆ ಚಿಂತೆ ಹತ್ತಿಸಿದ್ದು ಅದೇ. ನಿಧಾನ ಆಗುವುದಕ್ಕೆ ಫಾರ್ಮ್ಯಾಟ್ ಮದ್ದು ಇರಬಹುದು. ವಾರಕ್ಕೆ ಎರಡು ಸಲ ನೀಲಿ ಪರದೆ ಅಂದರೆ ಡಿಸ್ಕ್ ಸಾಯುತ್ತಿರಬಹುದು, ರ‍್ಯಾಮ್ (ಮೆಮೊರಿ) ಕೆಟ್ಟಿರಬಹುದು, ಫ್ಯಾನಿಗೆ ಧೂಳು ತುಂಬಿ ಕಾಯುತ್ತಿರಬಹುದು. ಇವಕ್ಕೆ ಫಾರ್ಮ್ಯಾಟ್ ಹೊಡೆದು ಏನು ಬಂತು? ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅನ್ನುವ ಉಚಿತ ಸಾಫ್ಟ್‌ವೇರ್ ಹಾಕಿ ನೋಡಿ. ಅದು ಡಿಸ್ಕಿನ ಆರೋಗ್ಯವನ್ನು ತೋರಿಸುತ್ತೆ. "ಕಾಷನ್" ಅಥವಾ "ಬ್ಯಾಡ್" ಅಂದರೆ ಬೇರೆ ಏನೂ ಮಾಡದೆ ಮೊದಲು ಕಾಪಿ ಮುಗಿಸಿ. ರ‍್ಯಾಮ್‌ಗೆ ಸ್ಟಾರ್ಟ್‌ನಲ್ಲಿ "ವಿಂಡೋಸ್ ಮೆಮೊರಿ ಡಯಾಗ್ನೋಸ್ಟಿಕ್" ಅಂತ ಹುಡುಕಿ ಓಡಿಸಿ. ಡಿಸ್ಕಿನಿಂದ ಟಕ್ ಟಕ್ ಅಂತ ಸದ್ದು ಬರುತ್ತಿದ್ದರೆ ಆ ಕ್ಷಣವೇ ಆಫ್ ಮಾಡಿ. ಸಾಫ್ಟ್‌ವೇರ್ ಓಡಿಸಿ ನೋಡೋಣ ಅಂತ ಅದನ್ನು ಇನ್ನಷ್ಟು ದುಡಿಸಬೇಡಿ.

ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ತಿರುಗುವ ಹಾರ್ಡ್ ಡಿಸ್ಕ್ ಇದ್ದರೆ ನನ್ನ ಸಲಹೆ ಬೇರೆ. ಫಾರ್ಮ್ಯಾಟೇ ಬೇಡ. 500 ಜಿಬಿಯ ಎಸ್‌ಎಸ್‌ಡಿ ಒಂದು ತಗೊಂಡು, ಹಳೆಯ ಡಿಸ್ಕ್ ಬಿಚ್ಚಿಸಿ, ಹೊಸದರ ಮೇಲೆ ಪೆನ್ ಡ್ರೈವ್‌ನಿಂದ ವಿಂಡೋಸ್ ಹಾಕಿಸಿ. ಲ್ಯಾಪ್‌ಟಾಪ್ ಹೊಸದರ ಹಾಗೆ ಓಡುತ್ತೆ. ಬಿಚ್ಚಿದ ಡಿಸ್ಕನ್ನು ಯಾರೂ ಮುಟ್ಟಿಲ್ಲ, ಅದರಲ್ಲಿ ಎಲ್ಲವೂ ಹಾಗೇ ಇದೆ. ಕಾಪಿ ಮಾಡುವಾಗ ಏನಾದರೂ ಮರೆತಿದ್ದರೆ ಯುಎಸ್‌ಬಿ ಕೇಸಿಂಗ್‌ಗೆ ಹಾಕಿ ತೆಗೆದುಕೊಳ್ಳಬಹುದು. ಮೂರು ತಿಂಗಳು ಅದನ್ನು ಹಾಗೇ ಇಡಿ, ಹೆಸರು, ತಾರೀಕು ಬರೆದು.

ಇರುವ ಡಿಸ್ಕಿನ ಮೇಲೇ ಮಾಡುವುದಾದರೆ ಸೆಟ್ಟಿಂಗ್ಸ್, ಸಿಸ್ಟಮ್, ರಿಕವರಿ, ರಿಸೆಟ್. "ಕೀಪ್ ಮೈ ಫೈಲ್ಸ್" ಒತ್ತಿದರೆ ನಿಮ್ಮ ಹೆಸರಿನ ಫೋಲ್ಡರ್ ಉಳಿಯುತ್ತೆ. ಆದರೆ ಕೋರೆಲ್, ನುಡಿ, ಟ್ಯಾಲಿ ಎಲ್ಲಾ ಹೋಗುತ್ತವೆ, ಮತ್ತೆ ಹಾಕಬೇಕು. ಅದು ಉಳಿಸಿಕೊಳ್ಳುತ್ತೆ ಅಂತ ನಂಬಿ ಬ್ಯಾಕಪ್ ಬಿಡಬೇಡಿ. ಕ್ಲೌಡ್ ಡೌನ್‌ಲೋಡ್ ಆರಿಸಿದರೆ ಸುಮಾರು 4 ಜಿಬಿ ಇಳಿಸುತ್ತೆ, ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿದ್ದರೆ ನೆನಪಿರಲಿ. ಪೆನ್ ಡ್ರೈವ್‌ನಿಂದಲಾದರೆ ಆನ್ ಮಾಡುವಾಗಲೇ ಡೆಲ್, ಲೆನೊವೊಗೆ ಎಫ್12, ಎಚ್‌ಪಿಗೆ ಎಸ್ಕೇಪ್ ಒತ್ತಿ ಎಫ್9. ಚಾರ್ಜರ್ ಸಿಕ್ಕಿಸಿ, ಬ್ಯಾಟರಿ ತುಂಬಿದ ಮೇಲೇ ಶುರು ಮಾಡಿ. ಅರ್ಧಕ್ಕೆ ಕರೆಂಟ್ ಹೋದರೆ ಲ್ಯಾಪ್‌ಟಾಪ್ ತಡೆಯುತ್ತೆ, ಬ್ಯಾಟರಿ ಸತ್ತ ಲ್ಯಾಪ್‌ಟಾಪ್ ತಡೆಯದು. ಅಂಥದ್ದಾದರೆ ಯುಪಿಎಸ್ ಇರುವ ಕಡೆ ಕೂತು ಮಾಡಿ.

ಎಲ್ಲಾ ಹಾಕಿ, ಫಾಂಟ್, ಕೋರೆಲ್, ಟ್ಯಾಲಿ, ಪ್ರಿಂಟರ್ ಕೂತ ಮೇಲೆ ಇಡೀ ಸಿ ಡ್ರೈವ್‌ನ ಇಮೇಜ್, ಅಂದರೆ ಇದ್ದಹಾಗೇ ಪೂರ್ತಿ ನಕಲು, ಒಂದು ತೆಗೆದಿಡಿ. ಕಂಟ್ರೋಲ್ ಪ್ಯಾನೆಲ್‌ನಲ್ಲಿ "ಬ್ಯಾಕಪ್ ಅಂಡ್ ರಿಸ್ಟೋರ್" ಅಂತ ಇದೆ, ಹೆಸರಿನ ಮುಂದೆ ವಿಂಡೋಸ್ 7 ಅಂತಿದ್ದರೂ ಹೊಸದರಲ್ಲೂ ಕೆಲಸ ಮಾಡುತ್ತೆ. ಎಕ್ಸ್‌ಟರ್ನಲ್ ಡಿಸ್ಕ್‌ನಲ್ಲಿ ಅದು ವಿಂಡೋಸ್‌ಇಮೇಜ್‌ಬ್ಯಾಕಪ್ ಅಂತ ಫೋಲ್ಡರ್ ಮಾಡುತ್ತೆ. ಅದರ ಹೆಸರು ಬದಲಿಸಬೇಡಿ, ಇನ್ನೊಂದು ಫೋಲ್ಡರ್ ಒಳಗೆ ಹಾಕಬೇಡಿ, ಹಾಗೆ ಮಾಡಿದರೆ ರಿಕವರಿಗೆ ಅದು ಕಾಣುವುದಿಲ್ಲ. ಮುಂದೆ ಕೆಟ್ಟರೆ ಪೆನ್ ಡ್ರೈವ್‌ನಿಂದ ಆನ್ ಮಾಡಿ ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್‌ಗೆ ಹೋಗಿ, ಸಿಸ್ಟಮ್ ಇಮೇಜ್ ರಿಕವರಿ ಒತ್ತಿದರೆ ಇಮೇಜ್ ತೆಗೆದ ದಿನದ ಸ್ಥಿತಿಗೆ ಎಲ್ಲಾ ವಾಪಸ್. ಹೊಸ ಡಿಸ್ಕಿಗೆ ಹಾಕುವುದಾದರೆ ಅದು ಹಳೆಯದರಷ್ಟಾದರೂ ದೊಡ್ಡದಿರಬೇಕು. ಇಮೇಜ್ ತೆಗೆದ ಮೇಲೆ ಮಾಡಿದ ಕೆಲಸ ಅದರಲ್ಲಿ ಇರುವುದಿಲ್ಲ, ಅದಕ್ಕೆ ಫೈಲುಗಳ ಕಾಪಿ ಬೇರೆಯೇ ನಡೆಯುತ್ತಿರಲಿ. ಲಗ್ನದ ಸೀಸನ್ನಿನಲ್ಲಿ ದಿನಾ ಅಂಗಡಿ ಮುಚ್ಚುವ ಮುಂಚೆ, ಉಳಿದ ದಿನ ವಾರಕ್ಕೊಮ್ಮೆ.

ಇನ್ನು ನಿಮ್ಮ ಹಳೆಯ ಡೆಸ್ಕ್‌ಟಾಪ್. ವಿಂಡೋಸ್ 7ಕ್ಕೆ ಬೆಂಬಲ 2020ರ ಜನವರಿ 14ಕ್ಕೇ ನಿಂತಿದೆ, ಮೈಕ್ರೋಸಾಫ್ಟ್ ಅದನ್ನು ಈಗ ಇಳಿಸಲೂ ಕೊಡುವುದಿಲ್ಲ. ಅದರೊಳಗಿನ ಫೈಲುಗಳನ್ನು ಮೊದಲು ತೆಗೆದುಕೊಳ್ಳಿ. ಇಂಟರ್ನೆಟ್ ಇಲ್ಲದೆ ಫೈಲ್ ತೆರೆದು ನೋಡುವ ಕೆಲಸಕ್ಕೆ ಅದು ಸಾಕು. ಇಂಟರ್ನೆಟ್ ಬೇಕಾದರೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಅನ್ನುವ ಉಚಿತ ಆಪರೇಟಿಂಗ್ ಸಿಸ್ಟಮ್ ಹಾಕಿಸಿ. ಹಳೆಯ ಯಂತ್ರದಲ್ಲಿ ಚೆನ್ನಾಗಿ ಓಡುತ್ತೆ, ಕನ್ನಡ ಟೈಪಿಂಗ್ ಬರುತ್ತೆ. ಆನ್ ಮಾಡಿದಾಗೆಲ್ಲ ತಾರೀಕು ಹಿಂದಕ್ಕೆ ಹೋಗುತ್ತಿದ್ದರೆ ಮದರ್‌ಬೋರ್ಡ್ ಮೇಲಿನ ಗುಂಡನೆಯ ಸೆಲ್ ಬದಲಿಸಿ. ತಾರೀಕು ತಪ್ಪಿದ್ದರೆ ಜಾಲತಾಣಗಳೂ ತೆರೆಯುವುದಿಲ್ಲ.

ಮುಂದಿನ ಸಲ ನೀಲಿ ಪರದೆ ಬಂದಾಗ ಕೆಳಗೆ "ಸ್ಟಾಪ್ ಕೋಡ್" ಅಂತ ಒಂದು ಸಾಲು ಇರುತ್ತೆ. ಮೊಬೈಲ್‌ನಲ್ಲಿ ಅದರ ಫೋಟೋ ತೆಗೆದು, ಕ್ರಿಸ್ಟಲ್‌ಡಿಸ್ಕ್‌ಇನ್ಫೋ ತೋರಿಸಿದ ಪರದೆಯ ಫೋಟೋ ಜೊತೆ ಕಳಿಸಿ. ಡಿಸ್ಕ್ ಬದಲಿಸಬೇಕಾ, ರ‍್ಯಾಮ್ ಬದಲಿಸಬೇಕಾ ಅಂತ ಆಗ ನೋಡಿ ಹೇಳುತ್ತೇನೆ.